ಪಿಯುಸಿ ಮ್ಯಾಥ್ಸ್‌ಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕಾ? ಭಾಮೈದ ಅಮೆರಿಕಾದಿಂದ ತರ್ತೀನಿ ಅಂತಿದಾನೆ

ಬಟವಾಡಿ ಅಪ್ಪ:

ಎಲ್ರಿಗೂ ನಮಸ್ಕಾರ. ನಾವು ತುಮಕೂರು ಬಟವಾಡಿಯವರು, ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಈ ವರ್ಷ ಫಸ್ಟ್ ಪಿಯು ಸೇರಿದಾಳೆ, ಪಿಸಿಎಂಸಿ, ಸ್ಟೇಟ್ ಸಿಲಬಸ್ಸೇ. ವಿಷಯ ಏನಂದ್ರೆ ನನ್ನ ಹೆಂಡ್ತಿ ತಮ್ಮ ಅಮೆರಿಕಾದಲ್ಲಿ ಡಲ್ಲಾಸ್ ಹತ್ರ ಇದಾನೆ, ಡಿಸೆಂಬರಲ್ಲಿ ಬರ್ತಿದಾನೆ, ಅವನ ಮಗಳೂ ಇವಳ ವಾರಿಗೆಯವಳೇ, ಅಲ್ಲಿ ಸ್ಕೂಲಲ್ಲಿ ಎಲ್ಲಾ ಮಕ್ಕಳ ಬ್ಯಾಗಲ್ಲೂ ಟಿಐ-84 ಅನ್ನೋ ಗ್ರಾಫ್ ಬರೆಯೋ ಕ್ಯಾಲ್ಕುಲೇಟರ್ ಇರುತ್ತಂತೆ, ಆ ಕಂಪನಿನೂ ಡಲ್ಲಾಸ್‌ನದ್ದೇ ಅಂತೆ. ಫೋನ್ ಮಾಡಿದಾಗ "ಭಾವ, ಇದಿಲ್ದೆ ಅಲ್ಲಿ ಮಕ್ಕಳು ಮ್ಯಾಥ್ಸ್ ಹೆಂಗೆ ಮಾಡ್ತಾರೆ, ನಾನೊಂದು ತರ್ತೀನಿ ಬಿಡಿ" ಅಂದ. ಬೆಲೆ ಕೇಳಿದ್ರೆ ಹೆಚ್ಚುಕಮ್ಮಿ ನೂರೈವತ್ತು ಡಾಲರ್ ಅಂತೆ. ಅವನು ದುಡ್ಡು ತಗೊಳಲ್ಲ, ಆದ್ರೆ ನಾವು ಸುಮ್ನೆ ಇಸ್ಕೊಳಕ್ಕೂ ಆಗಲ್ಲ, ಸಂಬಂಧದಲ್ಲಿ ಅದೆಲ್ಲ ನಿಮಗೆ ಗೊತ್ತಲ್ಲ.

ನಾನು ಓದಿದ್ದು ಬಿಕಾಂ, ಮಂಡಿಪೇಟೆಲಿ ಅಂಗಡಿ. ನನಗೆ ಗೊತ್ತಿರೋ ಕ್ಯಾಲ್ಕುಲೇಟರ್ ಅಂದ್ರೆ ಗಲ್ಲಾಪೆಟ್ಟಿಗೆ ಮೇಲೆ ಇಟ್ಕೊಳೋ ದೊಡ್ಡ ಬಟನ್‌ದು, ಜಿಎಸ್‌ಟಿ ಕೀ ಇರೋದು. ಎಂ.ಜಿ. ರೋಡಲ್ಲಿ ಒಂದು ಸ್ಟೇಷನರಿ ಅಂಗಡಿಗೆ ಹೋಗಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇದೆಯಾ ಅಂತ ಕೇಳಿದ್ರೆ ಹುಡುಗ ಗ್ರಾಫ್ ಶೀಟ್ ತಂದುಕೊಟ್ಟ.

ಮಗಳನ್ನ ಕೇಳಿದ್ರೆ ಅವಳಿಗೂ ಸರಿಯಾಗಿ ಗೊತ್ತಿಲ್ಲ. ಸೈನು ಕಾಸು ಗ್ರಾಫ್ ಎಲ್ಲ ಬೋರ್ಡ್ ಮೇಲೆ ಎಳೀತಾರೆ ಅಪ್ಪ, ನಾನು ಹಂಗೇ ಕಾಪಿ ಮಾಡ್ಕೋತೀನಿ, ಆದ್ರೆ ಯಾಕೆ ಹಂಗೆ ಏಳುತ್ತೆ ಯಾಕೆ ಇಳಿಯುತ್ತೆ ಅಂತ ತಲೆಗೆ ಹೋಗಲ್ಲ ಅಂತಾಳೆ. ಅದಕ್ಕೆ ಇದು ಉಪಯೋಗ ಆಗುತ್ತಾ? ಎಕ್ಸಾಂ ಹಾಲ್‌ಗೆ ಬಿಡ್ತಾರಾ? ಇನ್ನೊಂದು ಭಯ ಅಂದ್ರೆ ಇದನ್ನ ಕೈಗೆ ಕೊಟ್ರೆ ತಲೆ ಓಡಿಸೋದೇ ಬಿಟ್ಬಿಡ್ತಾಳಾ ಅಂತ, ನಮ್ಮ ಅಂಗಡಿ ಹುಡುಗ ಏಳೆಂಟ್ಲಿ ಎಷ್ಟು ಅಂದ್ರೂ ಜೇಬಿಂದ ಮೊಬೈಲ್ ತೆಗೀತಾನೆ. ಗೊತ್ತಿರೋರು ಹೇಳಿ.

ಶಿರಾಗೇಟ್ ಹುಡುಗ:

ಬೇಡ್ವೇ ಬೇಡ ಅಂಕಲ್. ಪಿಯು ಬೋರ್ಡ್ ಮ್ಯಾಥ್ಸ್ ಎಕ್ಸಾಂಗೆ ಯಾವ ಕ್ಯಾಲ್ಕುಲೇಟರೂ ಬಿಡಲ್ಲ, ಸಿಇಟಿಗೆ ಇಲ್ಲ, ಜೆಇಇಗೆ ಇಲ್ಲ. ನಾನೀಗ ಇಂಜಿನಿಯರಿಂಗ್ ಫಿಫ್ತ್ ಸೆಮ್, ಇಲ್ಲೂ ಸಾದಾ ಸೈಂಟಿಫಿಕ್ ಮಾತ್ರ, ಪ್ರೋಗ್ರಾಂ ಹಾಕೋ ಅಂಥದ್ದು ತಂದ್ರೆ ಬಾಗ್ಲಲ್ಲೇ ಇಸ್ಕೊಂಡು ಟೇಬಲ್ ಮೇಲೆ ಇಟ್ಕೋತಾರೆ. ಎಂಟೆಕ್ ಸೇರೋಕೆ ಬರೆಯೋ ಗೇಟ್ ಎಕ್ಸಾಮಲ್ಲಂತೂ ನಮ್ದು ಸೈಂಟಿಫಿಕ್ಕೂ ಬಿಡಲ್ಲ, ಸ್ಕ್ರೀನ್ ಮೇಲೆ ಒಂದು ಕೊಟ್ಟಿರ್ತಾರೆ ಮೌಸಲ್ಲಿ ಒತ್ತಬೇಕು, ಅದೊಂದು ಹಿಂಸೆ ಬೇರೆ. ಗ್ರಾಫ್ ಬೇಕಾದ್ರೆ ಮ್ಯಾಥ್ಸ್ ಲ್ಯಾಬಲ್ಲಿ ಪೈಥಾನಲ್ಲಿ ಹಾಕಿಸ್ತಾರೆ. ಇಂಜಿನಿಯರಿಂಗ್ ಸೇರಿದ ಮೇಲೆ ಕ್ಯಾಸಿಯೋ ಎಫ್‌ಎಕ್ಸ್-991 ಒಂದು ಕೊಡ್ಸಿ ಸಾಕು, ನನ್ದು ನಮ್ಮಣ್ಣ ಯೂಸ್ ಮಾಡಿದ್ದೇ, ಇನ್ನೂ ಓಡ್ತಾ ಐತೆ, ಬರೀ ಎಂಟರ ಬಟನ್ ಮೇಲಿನ ಅಕ್ಷರ ಅಳಿಸೋಗೈತೆ.

ಗುಬ್ಬಿ ಮೇಷ್ಟ್ರು:

ಸ್ವಾಮಿ, ನಾನು ಪಿಯು ಮ್ಯಾಥ್ಸ್ ಪಾಠ ಮಾಡೋನು, ಇಪ್ಪತ್ತು ವರ್ಷ ಆಗ್ತಾ ಬಂತು. ಮೇಲಿನ ಹುಡುಗ ಹೇಳಿದ್ದು ಸರಿ, ಎಕ್ಸಾಂಗೆ ಅಂತ ತಗೊಳೋದಾದ್ರೆ ಒಂದು ರೂಪಾಯಿನೂ ಹಾಕಬೇಡಿ. ಆದ್ರೆ ನಿಮ್ಮ ಮಗಳು ಕೇಳಿದಾಳಲ್ಲ, ಯಾಕೆ ಏಳುತ್ತೆ ಯಾಕೆ ಇಳಿಯುತ್ತೆ ಅಂತ, ಆ ಪ್ರಶ್ನೆ ಬೇರೆ, ಅದನ್ನ ಎಕ್ಸಾಂ ಜೊತೆ ಸೇರಿಸಿ ಒಂದೇ ಮಾತಲ್ಲಿ "ಬೇಡ" ಅಂದ್ಬಿಟ್ರೆ ತಪ್ಪಾಗುತ್ತೆ.

ಮೊದಲು ಎಕ್ಸಾಂ ಕಥೆ. ನಮ್ಮಲ್ಲಿ ಪೇಪರ್ ಮಾಡೋರೇ ಕ್ಯಾಲ್ಕುಲೇಟರ್ ಇಲ್ಲ ಅಂತ ಲೆಕ್ಕ ಹಾಕಿ ಮಾಡಿರ್ತಾರೆ. ಸಂಖ್ಯೆ ಎಲ್ಲ ಕೈಯಲ್ಲಿ ಬಿಡಿಸೋ ಹಾಗೇ ಇರುತ್ತೆ, ಮೂರು ನಾಲ್ಕು ಐದು ತ್ರಿಕೋನ, ಪೈ ಬೈ 6, ರೂಟ್ 3, ಇಷ್ಟರಲ್ಲೇ ಸುತ್ತುತ್ತೆ. ಸೆಕೆಂಡ್ ಪಿಯು ಪೇಪರ್ ಈಗ 80 ಮಾರ್ಕ್ಸ್, ಉಳಿದ 20 ಇಂಟರ್ನಲ್. ಅದರಲ್ಲಿ ಕೊನೆಗೆ ಆರು ಮಾರ್ಕ್ಸಿಗೆ ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಬರುತ್ತೆ, ಗ್ರಾಫ್ ವಿಧಾನ, ಗೆರೆ ಎಳಿ, ಫೀಸಿಬಲ್ ರೀಜನ್ (ಎಲ್ಲಾ ಷರತ್ತೂ ಒಪ್ಪೋ ಜಾಗ) ಶೇಡ್ ಮಾಡು, ಮೂಲೆ ಬಿಂದುಗಳನ್ನ ಟೇಬಲ್ ಹಾಕು. ಅಲ್ಲಿ ಮಾರ್ಕ್ಸು ಉತ್ತರಕ್ಕಷ್ಟೇ ಅಲ್ಲ, ಗೆರೆಗೂ ಇದೆ, ಶೇಡಿಗೂ ಇದೆ. ಮಿಷನ್ ಎಳೆದುಕೊಟ್ಟ ಗೆರೆ ನೋಡಿ ಅಭ್ಯಾಸ ಆದವರು ಪೆನ್ಸಿಲ್ ಹಿಡಿದಾಗ ಎಕ್ಸ್ ಈಸ್ ಈಕ್ವಲ್ ಟು ಸೊನ್ನೆ ಹಾಕಿ ವೈ ಕಂಡುಹಿಡಿಯೋದಕ್ಕೂ ತಡವರಿಸ್ತಾರೆ. ನಿಮ್ಮ ಮಗಳು ಎಸ್ಸೆಸ್ಸೆಲ್ಸಿಲಿ "ನಕ್ಷೆಯ ವಿಧಾನದಿಂದ ಬಿಡಿಸಿ" ಅಂತ ನಾಲ್ಕು ಮಾರ್ಕ್ಸಿಂದು ಮಾಡಿರ್ತಾಳೆ, ಅದೇ ಮುಂದುವರೆದಿರೋದು. ಇನ್ನು ಸಿಇಟಿ, ಮ್ಯಾಥ್ಸಲ್ಲಿ 60 ಪ್ರಶ್ನೆ, 80 ನಿಮಿಷ, ಅಂದ್ರೆ ಒಂದಕ್ಕೆ 80 ಸೆಕೆಂಡು. ಅಲ್ಲಿ ರಫ್ ಜಾಗದಲ್ಲಿ ಬೆರಳುದ್ದ ಒಂದು ಚಿತ್ರ ಗೀಚೋಕೆ ಬರೋನು ಸೂತ್ರ ಬಾಯಿಪಾಠ ಮಾಡಿದೋನಿಗಿಂತ ಮುಂದೆ ಹೋಗ್ತಾನೆ, ಇದು ಪ್ರತಿ ವರ್ಷ ನೋಡ್ತೀನಿ.

ಈಗ ಎರಡನೇದು. ಗ್ರಾಫ್ ಕಣ್ಣಿಗೆ ಕಾಣಬೇಕು, ಅದಂತೂ ಖಂಡಿತ. ನಾವು ಬೋರ್ಡ್ ಮೇಲೆ ಎಳೆಯೋ ಸೈನ್ ಕರ್ವ್ ಹಾವು ಹರಿದಂಗೆ ಇರುತ್ತೆ, ಅದು ನಮ್ಮ ಕೈ ದೋಷ, ಮಕ್ಕಳದ್ದಲ್ಲ. ಅದಕ್ಕೆ ಮೊಬೈಲಲ್ಲಿ ಜಿಯೋಜೀಬ್ರಾ ಅಂತ ಆ್ಯಪ್ ಇದೆ, ಫ್ರೀ, ಆಸ್ಟ್ರಿಯಾದ ಒಬ್ಬರು 2001ರ ಸುಮಾರಿಗೆ ಓದ್ತಿರೋವಾಗ ಶುರು ಮಾಡಿದ್ದು. ಡೆಸ್ಮೋಸ್ ಅಂತ ಇನ್ನೊಂದಿದೆ, ಅದೂ ಫ್ರೀ, ಬ್ರೌಸರಲ್ಲೇ ತೆಗೀಬಹುದು. ಜಿಯೋಜೀಬ್ರಾದಲ್ಲಿ ಎ ಇಂಟು ಸೈನ್ ಆಫ್ ಬಿ ಎಕ್ಸ್ ಅಂತ ಹಾಕಿ, ಎ ಮತ್ತು ಬಿ ಎರಡಕ್ಕೂ ಸ್ಲೈಡರ್ ಬರುತ್ತೆ, ಬೆರಳಲ್ಲಿ ಎಳೆದ್ರೆ ಎ ಜೊತೆ ಅಲೆ ಎತ್ತರ ಆಗೋದು, ಬಿ ಜೊತೆ ಅಲೆಗಳು ಒತ್ತೊತ್ತಾಗೋದು ಕಾಣುತ್ತೆ. ಒಂದು ಪಿರಿಯಡ್ ಪೂರ್ತಿ ನಾನು ಕೂಗಿದ್ರೂ ಹೋಗದೇ ಇದ್ದಿದ್ದು ಅದರಲ್ಲಿ ಎರಡು ನಿಮಿಷಕ್ಕೆ ತಲೆಗೆ ಹೋಗುತ್ತೆ. ಟಿಐ-84 ಮಾಡೋದೂ ಇದನ್ನೇ, ಇನ್ನೂ ಚಿಕ್ಕ ಪರದೆ ಮೇಲೆ.

ಆದ್ರೆ ಯಾವ ಮಿಷನ್ ಆದ್ರೂ ಕಣ್ಣು ಮುಚ್ಚಿ ನಂಬಕ್ಕಾಗಲ್ಲ. ಎಕ್ಸ್ ಸ್ಕ್ವೇರ್ ಮೈನಸ್ 1, ಬೈ ಎಕ್ಸ್ ಮೈನಸ್ 1 ಅಂತ ಹಾಕಿ ನೋಡಿ, ನೆಟ್ಟಗೆ ಒಂದು ಗೆರೆ ಬರುತ್ತೆ. ಎಕ್ಸ್ 1 ಆದಾಗ ಅಲ್ಲಿ ತೂತಿದೆ, ಫಂಕ್ಷನ್ನೇ ಇಲ್ಲ, ಸೆಕೆಂಡ್ ಪಿಯು ಕಂಟಿನ್ಯೂಟಿ ಪಾಠದ ಜೀವಾಳವೇ ಅದು, ಪರದೆ ಮೇಲೆ ಮಾತ್ರ ಆ ತೂತು ಕಾಣಲ್ಲ. ತೂತು ಇದೆ ಅಂತ ಗೊತ್ತಿರೋರಿಗೆ ಮಾತ್ರ ಮಿಷನ್ ಉಪಯೋಗ.

ನಿಮ್ಮ ಮಗಳಿಗೆ ಒಂದು ಲೆಕ್ಕ ಕೊಡ್ತೀನಿ, ಈ ತರದ್ದು ಎಂಟ್ರೆನ್ಸ್ ಪುಸ್ತಕಗಳಲ್ಲಿ ಬರ್ತಾ ಇರುತ್ತೆ. ಸೈನ್ ಎಕ್ಸ್ ಈಸ್ ಈಕ್ವಲ್ ಟು ಎಕ್ಸ್ ಬೈ 10. ಎಕ್ಸ್‌ಗೆ ಒಟ್ಟು ಎಷ್ಟು ಉತ್ತರ ಇದಾವೆ? ಬೆಲೆ ಬೇಡ, ಎಷ್ಟು ಅಂತ ಮಾತ್ರ. ಮೊದಲು ಪೆನ್ಸಿಲಲ್ಲಿ ಮಾಡ್ಲಿ, ಆಮೇಲೆ ಬೇಕಾದ್ರೆ ಮೊಬೈಲಲ್ಲಿ.

ಎಸ್.ಎಸ್. ಪುರಂ ಅಮ್ಮ:

ನಮ್ದು ಬೇರೆ ಅನುಭವ ಹೇಳ್ತೀನಿ. ಮಗ ಹತ್ತನೇ ಕ್ಲಾಸ್ ತನಕ ಇಲ್ಲೇ ಓದಿ ಆಮೇಲೆ ಬೆಂಗಳೂರಲ್ಲಿ ಐಬಿ ಅನ್ನೋ ಫಾರಿನ್ ಬೋರ್ಡಿಗೆ ಸೇರಿದ. ಅಲ್ಲಿ ಇದು ಇಷ್ಟ ಇದ್ರೆ ತಗೊಳಿ ಅಂತಲ್ಲ, ಬೇಕೇ ಬೇಕು. ಮ್ಯಾಥ್ಸಲ್ಲಿ ಎಎ (ಅನಾಲಿಸಿಸ್ ಅಂಡ್ ಅಪ್ರೋಚಸ್) ಅಂತ ಒಂದು ಕೋರ್ಸು, ಎಐ ಅಂತ ಒಂದು ಇದಾವೆ, ಈ ಎಐ ಅಂದ್ರೆ ಎಲ್ರೂ ಮಾತಾಡೋ ಆ ಎಐ ಅಲ್ಲ, ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್ ಅಂತ. ಎಎ ತಗೊಂಡ್ರೆ ಮೊದಲನೇ ಪೇಪರ್ ಕ್ಯಾಲ್ಕುಲೇಟರ್ ಇಲ್ಲದೇ ಬರೀಬೇಕು, ಎರಡನೇದಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇಟ್ಕೊಂಡೇ ಬರೀಬೇಕು. ಎಐ ತಗೊಂಡ್ರೆ ಎಲ್ಲಾ ಪೇಪರಿಗೂ. ಪ್ರಶ್ನೆನೇ ಹಂಗಿರುತ್ತೆ, ಕೈಯಲ್ಲಿ ಬಿಡಿಸಕ್ಕಾಗದೇ ಇರೋ ಈಕ್ವೇಶನ್ ಕೊಟ್ಟು ಗ್ರಾಫ್ ಹಾಕಿ ಎರಡು ಕರ್ವ್ ಎಲ್ಲಿ ಕೂಡ್ತವೆ ನೋಡು ಅಂತಾರೆ.

ಆದ್ರೆ ಎಲ್ಲಾ ಫಾರಿನ್ ಬೋರ್ಡೂ ಹಂಗೇ ಅಂದ್ಕೊಬೇಡಿ, ನಮ್ಮ ಓರಗಿತ್ತಿ ಮಗಳು ಕೇಂಬ್ರಿಡ್ಜ್ ಎ ಲೆವೆಲ್ ಮಾಡಿದ್ದು, ಅದ್ರಲ್ಲಿ ಸೈಂಟಿಫಿಕ್ ಮಾತ್ರ, ಗ್ರಾಫಿಂಗ್ ಬಿಡಲ್ಲ. ಅದು ಗೊತ್ತಿಲ್ದೆ ಅವರು ನಮ್ಮನ್ನ ನೋಡಿ ದುಬಾರಿದು ತಗೊಂಡು ಆಮೇಲೆ ನಮ್ಮ ಮೇಲೇ ಮುನಿಸ್ಕೊಂಡ್ರು. ಮೊದಲು ಯಾವ ಬೋರ್ಡು ಯಾವ ಪೇಪರ್ ಅಂತ ಕೇಳ್ಕೊಂಡೇ ತಗೋಬೇಕು.

ಐಬಿ ಮುಗಿದು ಎರಡು ವರ್ಷ ಆಯ್ತು, ಕ್ಯಾಲ್ಕುಲೇಟರ್ ಈಗ ಶೋಕೇಸಲ್ಲಿ ಗೊಂಬೆ ಪಕ್ಕ ಕೂತಿದೆ. ಬ್ಯಾಟರಿ ಸತ್ತಿದೆಯೋ ಬದುಕಿದೆಯೋ ದೇವರಿಗೇ ಗೊತ್ತು.

ತಿಪಟೂರು ಕೊಬ್ಬರಿ:

ಎಲ್ರೂ ಬೇಡ ಅಂತಿರೋದ್ರಿಂದ ನಾನು ಸ್ವಲ್ಪ ಎದುರು ಮಾತಾಡ್ತೀನಿ, ಬೇಜಾರಾಗಬೇಡಿ. ನಾನು ಎಂಎಸ್ ಮಾಡೋವಾಗ ಅಮೆರಿಕಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳ್ತಿದ್ದೆ. ಮೊಬೈಲಲ್ಲಿ ಫ್ರೀ ಆ್ಯಪ್ ಇದೆ ಅಂತೀರಿ, ಸರಿ, ಇದೆ. ಆದ್ರೆ ಹದಿನಾರು ವರ್ಷದ ಮಗು ಕೈಗೆ ಮೊಬೈಲ್ ಕೊಟ್ಟು ಸೈನ್ ಕರ್ವ್ ನೋಡು ಅಂದ್ರೆ ಐದು ನಿಮಿಷ ಸೈನು, ಮುಕ್ಕಾಲು ಗಂಟೆ ರೀಲ್ಸು. ಆ ಕ್ಯಾಲ್ಕುಲೇಟರಲ್ಲಿ ವಾಟ್ಸ್ಆ್ಯಪ್ ಇಲ್ಲ, ಯಾರೂ ಮೆಸೇಜ್ ಹಾಕಲ್ಲ, ಅದೊಂದು ಪೆದ್ದು ಡಬ್ಬಿ, ಅದೇ ಅದರ ದೊಡ್ಡ ಗುಣ. ಇದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ.

ಇನ್ನೊಂದು, ಮೇಷ್ಟ್ರು ಹೇಳಿದ ಲೆಕ್ಕದ ತರದ್ದೇ, 2ರ ಘಾತ ಎಕ್ಸ್ ಈಸ್ ಈಕ್ವಲ್ ಟು ಎಕ್ಸ್ ಸ್ಕ್ವೇರ್ ಅಂತ ಕೇಳಿ, ಎಲ್ರೂ 2 ಅಂತಾರೆ, ಜಾಣರು 4 ಅಂತಲೂ ಹೇಳ್ತಾರೆ. ಮೂರನೇದು ಒಂದಿದೆ, ಮೈನಸ್ 0.77 ಹತ್ರ. ಅದು ಬೀಜಗಣಿತದಲ್ಲಿ ನಿಮ್ಮ ಕೈಗೆ ಸುಲಭಕ್ಕೆ ಸಿಗಲ್ಲ, ಗ್ರಾಫ್ ಹಾಕಿದ ತಕ್ಷಣ ಎಡಗಡೆ ಎದ್ದು ಕಾಣುತ್ತೆ. ನಾನು ಮೊದಲ ಸಲ ನೋಡಿದಾಗ ಎರಡು ವರ್ಷ ಪಿಯು ಓದಿ ಇದು ಯಾರೂ ತೋರಿಸ್ಲಿಲ್ವಲ್ಲ ಅಂತ ಸಿಟ್ಟೇ ಬಂದಿತ್ತು.

ಹಂಗಂತ ಟಿಐ-84ಗೆ ಅಷ್ಟು ದುಡ್ಡು ನ್ಯಾಯನಾ ಅಂದ್ರೆ ಅಲ್ಲ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಅನ್ನೋದೇ 1985ರಲ್ಲಿ ಕ್ಯಾಸಿಯೋ ಎಫ್‌ಎಕ್ಸ್-7000ಜಿ ಇಂದ ಶುರು ಆಗಿದ್ದು, ಅದರ ಪರದೆ 96ಕ್ಕೆ 64 ಚುಕ್ಕೆ. 2004ರಲ್ಲಿ ಬಂದ ಟಿಐ-84 ಪ್ಲಸ್‌ದೂ ಅಷ್ಟೇ ಚುಕ್ಕೆ! ಕಲರ್ ಪರದೆದು ಆಮೇಲೆ ಬಂತು. ಅಲ್ಲಿ ಪುಸ್ತಕದಲ್ಲೇ ಆ ಬಟನ್ ಒತ್ತಿ ಈ ಬಟನ್ ಒತ್ತಿ ಅಂತ ಇರುತ್ತೆ, ಮೇಷ್ಟ್ರಿಗೂ ಅದೇ ಅಭ್ಯಾಸ, ಅದಕ್ಕೇ ಎಲ್ರೂ ಅದನ್ನೇ ತಗೋತಾರೆ. ಮುಂದೆ ಸ್ಯಾಟ್, ಅಂದ್ರೆ ಅಮೆರಿಕಾದ ಕಾಲೇಜು ಸೇರೋಕೆ ಬರೆಯೋ ಎಕ್ಸಾಂ, ಬರೀತಾಳೆ ಅಂತ ನಿಮ್ಮ ಭಾಮೈದ ಏನಾದ್ರೂ ಹೇಳಿದ್ರೆ, ಅದು ಈಗ ಕಂಪ್ಯೂಟರ್ ಮೇಲೇ ಬರೆಯೋದು, ನಮ್ಮ ಕಡೆ 2023ರಿಂದ, ಡೆಸ್ಮೋಸ್ ಅದರೊಳಗೇ ಇರುತ್ತೆ.

ಶಿರಾಗೇಟ್ ಹುಡುಗ:

ಅಣ್ಣ ಪೆದ್ದು ಡಬ್ಬಿ ಅಂತೀರಲ್ಲ, ಆ ಕ್ಯಾಲ್ಕುಲೇಟರಲ್ಲೂ ಗೇಮ್ ಹಾಕ್ಕೊಂಡು ಆಡ್ತಾರೆ, ಯೂಟ್ಯೂಬಲ್ಲಿ ನೋಡಿದೀನಿ 😄 ಆಡೋರಿಗೆ ಗ್ರಾಫ್ ಶೀಟ್ ಕೊಟ್ರೂ ಚುಕ್ಕಿ ಆಟ ಆಡ್ತಾರೆ.

ಬಟವಾಡಿ ಅಪ್ಪ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ. ಮೇಷ್ಟ್ರೇ ನಿಮ್ಮ ಲೆಕ್ಕ ಮಗಳಿಗೆ ಕೊಟ್ಟೆ. ಪೆನ್ಸಿಲ್ ಬೇಡ ಅಂತ ಸೀದಾ ನನ್ನ ಫೋನಲ್ಲಿ ಯಾವುದೋ ಗ್ರಾಫ್ ಆ್ಯಪ್ ಹಾಕ್ಕೊಂಡು ಮಾಡಿದ್ಲು, ನೀವು ಹೇಳಿದ್ದಲ್ಲ, ಮೊದಲು ಸಿಕ್ಕಿದ್ದು, ತುಂಬಾ ಜಾಹೀರಾತು ಬರ್ತಿತ್ತು. ಉತ್ತರ ಒಂದೇ ಅಂತೆ, ಎಕ್ಸ್ ಸೊನ್ನೆ. ಸೈನ್ ಗೆರೆ ಮಲಗ್ಬಿಟ್ಟಿದೆ, ಅಲೆನೇ ಇಲ್ಲ, ಎರಡು ಗೆರೆ ನಡುವಲ್ಲಿ ಒಂದೇ ಕಡೆ ಕೂಡ್ತವೆ. ಬೋರ್ಡ್ ಮೇಲೆ ಅಲೆ ಎಳೀತಾರೆ, ಇದರಲ್ಲಿ ಯಾಕೆ ಮಲಗಿದೆ ಅಂತ ನನ್ನನ್ನ ಕೇಳ್ತಾಳೆ, ನಾನೇನು ಹೇಳ್ಲಿ.

ಗುಬ್ಬಿ ಮೇಷ್ಟ್ರು:

ಹ್ಹ ಹ್ಹ, ಸಿಕ್ಕಿಬಿದ್ಲು. ಆ ಆ್ಯಪಿನ ಸೆಟ್ಟಿಂಗಲ್ಲಿ ಡಿಗ್ರಿ ಅಂತ ಇರುತ್ತೆ ನೋಡಿ, ಅದನ್ನ ರೇಡಿಯನ್ (ಕೋನ ಅಳೆಯೋ ಇನ್ನೊಂದು ಅಳತೆ) ಮಾಡಕ್ಕೆ ಹೇಳಿ. ಡಿಗ್ರಿಲಿ ಒಂದು ಅಲೆ ಮುಗಿಯೋಕೆ 360 ಬೇಕು, ಪರದೆ ಮೇಲೆ ಮೈನಸ್ 10ರಿಂದ 10 ತನಕ ಮಾತ್ರ ಇದೆ, ಅಷ್ಟರಲ್ಲಿ ಸೈನ್ ಶುರುವೇ ಆಗಿರಲ್ಲ, ಅದಕ್ಕೇ ಮಲಗಿದಂಗೆ ಕಾಣೋದು. ರೇಡಿಯನ್ನಲ್ಲಿ ಒಂದು ಅಲೆ 6.28ಕ್ಕೇ ಮುಗಿಯುತ್ತೆ. ಫಸ್ಟ್ ಪಿಯುಲಿ ಟ್ರಿಗನಾಮೆಟ್ರಿ ಚಾಪ್ಟರ್ ರೇಡಿಯನ್ ಇಂದ ಯಾಕೆ ಶುರು ಆಗುತ್ತೆ ಅಂತ ಕ್ಲಾಸಲ್ಲಿ ಯಾರೂ ಕೇಳಲ್ಲ, ನಿಮ್ಮ ಮಗಳಿಗೆ ಈಗ ತಾನಾಗೇ ಗೊತ್ತಾಗಿರುತ್ತೆ.

ಈಗ ಫೋನ್ ಕೆಳಗಿಟ್ಟು ಪೆನ್ಸಿಲ್ ಹಿಡಿಯಕ್ಕೆ ಹೇಳಿ. ಒಂದು ಸುಳಿವು: ಸೈನ್ 1ಕ್ಕಿಂತ ಮೇಲೆ ಹೋಗಲ್ಲ, ಹಂಗಾಗಿ ಎಕ್ಸ್ 10 ದಾಟಿದ ಮೇಲೆ ನೋಡೋದೇ ಬೇಡ.

ಬಟವಾಡಿ ಅಪ್ಪ:

ಮಾಡಿದ್ಲು ಸಾರ್, ಕೈಯಲ್ಲೇ. 7 ಅಂತೆ. ಸೊನ್ನೆ ಒಂದು, ಬಲಗಡೆ ಮೂರು, ಎಡಗಡೆ ಮೂರು. ಮೊದಲನೇ ಗುಡ್ಡದಲ್ಲಿ ಒಂದು ಕಡೆ, ಎರಡನೇ ಗುಡ್ಡದಲ್ಲಿ ಹತ್ತೋವಾಗ ಒಂದು ಇಳಿಯೋವಾಗ ಒಂದು, ಮೂರನೇ ಗುಡ್ಡ 12.5 ದಾಟಿದ ಮೇಲೆ ಶುರು ಆಗೋದ್ರಿಂದ ಅದು ಲೆಕ್ಕಕ್ಕಿಲ್ಲ ಅಂತ ನನಗೂ ತೋರಿಸಿದ್ಲು, ನನಗೂ ಅರ್ಥ ಆಯ್ತು ಅಂದ್ರೆ ನೋಡಿ.

ಅದಿರ್ಲಿ, ಇವಳು ಅದೇ ಲೆಕ್ಕನ ಡಲ್ಲಾಸಿಗೆ ಕಳಿಸಿದ್ಲು, ಭಾಮೈದನ ಮಗಳಿಗೆ. ಅವಳು ಕ್ಯಾಲ್ಕುಲೇಟರಲ್ಲಿ ಹಾಕಿ ಮೊದಲು 5 ಅಂದ್ಲಂತೆ. ಇವಳು 7 ಅಂತ ಜಗಳ. ಪರದೆ ಮೇಲೆ ಕೆಳಗಿಂದ ಮೇಲಿನ ತನಕನೂ ಮೈನಸ್ 10ರಿಂದ 10 ಇತ್ತಂತೆ, ಅಲೆ ಚಪ್ಪಟೆಯಾಗಿ ಎರಡನೇ ಗುಡ್ಡದ ಹತ್ರ ಗೆರೆನೂ ಅಲೆನೂ ಅಂಟ್ಕೊಂಡು ಎರಡು ಕಡೆ ಕೂಡೋದು ಒಂದೇ ತರ ಕಾಣ್ತಂತೆ. ಆಮೇಲೆ ವಿಂಡೋನ ಕೆಳಗಿಂದ ಮೇಲಕ್ಕೆ ಮಾತ್ರ ಚಿಕ್ಕದು ಮಾಡಿ ಮೈನಸ್ 2ರಿಂದ 2 ಇಟ್ಟ ಮೇಲೆ 7 ಬಂತು. ಆ ಮಗುನೂ ಬುದ್ಧಿವಂತೆ, ತಾನೇ ಹುಡುಕಿ ಸರಿ ಮಾಡ್ಕೊಂಡಿದಾಳೆ, ಬೈಯಂಗಿಲ್ಲ.

ಭಾಮೈದಂಗೆ ಸದ್ಯಕ್ಕೆ ಬೇಡಪ್ಪ ಅಂದೆ. ತಿಪಟೂರಿನವರು ಹೇಳಿದ ಮೊಬೈಲ್ ವಿಷಯ ಮಾತ್ರ ನಿಜ, ಅದಕ್ಕೆ ಮನೇಲಿರೋ ಹಳೇ ಫೋನಿಂದ ಸಿಮ್ ತೆಗೆದು ಜಿಯೋಜೀಬ್ರಾ ಒಂದೇ ಹಾಕಿಟ್ಟಿದೀನಿ, ವೈಫೈ ಪಾಸ್‌ವರ್ಡ್ ಅದಕ್ಕೆ ಕೊಟ್ಟಿಲ್ಲ.

ಎಸ್.ಎಸ್. ಪುರಂ ಅಮ್ಮ:

ಸರಿ ಮಾಡಿದ್ರಿ. ಮುಂದೆ ಯಾವಾಗಾದ್ರೂ ಬೇಕು ಅನ್ಸಿದ್ರೆ ಹೊಸದು ತರಿಸ್ಬೇಡಿ, ನಮ್ಮ ಶೋಕೇಸಲ್ಲಿರೋದು ಕೊಡ್ತೀನಿ, ಬಟವಾಡಿ ಏನು ದೂರ ಅಲ್ಲ.

ಬಟವಾಡಿ ಅಪ್ಪ:

ತುಂಬಾ ಉಪಕಾರ ಮೇಡಂ. ಮೇಷ್ಟ್ರೇ ಇನ್ನೊಂದು, ಮಗಳು ತಾನೇ ಒಂದು ಲೆಕ್ಕ ಮಾಡ್ಕೊಂಡಿದಾಳೆ, ಎಕ್ಸ್ ಬೈ 10 ಬದಲು ಎಕ್ಸ್ ಬೈ 20 ಆದ್ರೆ ಎಷ್ಟು ಅಂತ. ಮೊದಲು 13 ಅಂದ್ಲು, ಆಮೇಲೆ ನಾಲ್ಕನೇ ಗುಡ್ಡದ ತುದಿ ಬರೋ ಹೊತ್ತಿಗೆ ಗೆರೆ 1 ದಾಟಿಬಿಟ್ಟಿರುತ್ತೆ, ಮುಟ್ಟಲ್ಲ ಅಂತ ಅಳಿಸಿ 11 ಅಂತಿದಾಳೆ. ಫೋನ್ ಮುಟ್ಟಿಲ್ಲ, ನಾನು ಪಕ್ಕದಲ್ಲೇ ಕೂತಿದ್ದೆ. ಸರಿನಾ?

ಗುಬ್ಬಿ ಮೇಷ್ಟ್ರು:

11, ಸರಿ. ಎಕ್ಸ್ ಬೈ 30 ನೂ ಮಾಡಕ್ಕೆ ಹೇಳಿ.